ಮೆಟಾಡೋರ್ ಕೊಳ್ಳುವುದಾದರೆ ಆಷಾಢದಲ್ಲಿ ನೋಡು

ತಮ್ಮಾ,

ಹಳೆಯ ಮೆಟಾಡೋರ್ ಒಂದನ್ನು ಕೊಂಡು, ಅದರೊಳಗೆ ಮಲಗಲು ಮಂಚ, ಅಡುಗೆಗೆ ಕಟ್ಟೆ ಮಾಡಿಕೊಂಡು ಊರೂರು ತಿರುಗುವ ನಿನ್ನ ಆಸೆ ನನಗೆ ಹಿಡಿಸಿತು. ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಾಡಿಯನ್ನು ನಮ್ಮ ಕಡೆ ಹುಡುಕುತ್ತಾ ಕೂರಬೇಡ. ನಮ್ಮ ಗ್ಯಾರೇಜಿನವರ ಕೈಗೆ ಪಳಗಿದ್ದು ಮೆಟಾಡೋರೇ. ತಿರುಗಾಟವೂ ನಮ್ಮ ಇಡಗುಂಜಿಗೆ ಹೊಸತಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮೇಳ ನಮ್ಮ ಗಣಪತಿಯ ಹೆಸರು ಹೊತ್ತೇ ಊರೂರು ಸುತ್ತಿದೆ.

ಗಾಡಿಯನ್ನು ಆಷಾಢದಲ್ಲಿ ನೋಡು. ಒಳ್ಳೆಯ ತಿಂಗಳಲ್ಲವೆಂದು ಆಗ ಕೊಳ್ಳುವವರು ಕಡಿಮೆ, ಬೆಲೆಯೂ ಸ್ವಲ್ಪ ಇಳಿದಿರುತ್ತದೆ. ಮುಂಗಡವನ್ನು ಬೇಕಾದರೆ ಶ್ರಾವಣಕ್ಕೆ ಕೊಡು, ಮನೆಯ ಹಿರಿಯರಿಗೂ ಸಮಾಧಾನ. ನೋಡುವುದು ಮಾತ್ರ ಜಡಿಮಳೆಯಲ್ಲೇ ಆಗಬೇಕು. ಒಳಗೆ ಕೂತು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಸುಮ್ಮನಿರು. ಛಾವಣಿಯ ಜೋಡಣೆ, ಕಿಟಕಿಯ ರಬ್ಬರು, ಮುಂದಿನ ಗಾಜಿನ ಕೆಳಮೂಲೆ ಎಲ್ಲಿ ಸೋರುತ್ತವೆಂದು ಮಳೆಯೇ ತೋರಿಸಿಬಿಡುತ್ತದೆ. ಮ್ಯಾಟು ಎತ್ತಿ ನೆಲ ನೋಡು, ಮುಗ್ಗಲು ವಾಸನೆ ಬರುತ್ತದೆಯೇ ಮೂಸು.

ನಮ್ಮ ಕರಾವಳಿಯಲ್ಲಿ ಗಾಡಿಯನ್ನು ತಿನ್ನುವುದು ಓಡಾಟಕ್ಕಿಂತ ಹೆಚ್ಚಾಗಿ ಉಪ್ಪುಗಾಳಿ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೇವ ಇರುವಷ್ಟು ಹೊತ್ತು ಕಬ್ಬಿಣ ತುಕ್ಕು ಹಿಡಿಯುತ್ತಲೇ ಇರುತ್ತದೆ. ಮೇಲ್ಮೈಯ ತುಕ್ಕಿಗೆ ಹೆದರಬೇಡ, ಕೆರೆದರೆ ಹೋಗುತ್ತದೆ. ಎರಡು ತಗಡು ಸೇರುವ ಒಳಸಂದಿ, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳ ಅಂಚು, ಪಾಟಾ ಕೂರುವ ಜಾಗ, ಇವುಗಳಿಗೆ ಹೆದರು. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗು. ಹಿಡಿಯದೆ ಜಾರಿದಲ್ಲಿ ಬಣ್ಣದ ಕೆಳಗೆ ದಪ್ಪ ಪುಟ್ಟಿ ಇದೆ. ಅಡಿಗೆ ನುಗ್ಗಿ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚು. ಮೊನೆ ಒಳಗೆ ಹೋಯಿತೋ, ಬೆಲೆ ಎಷ್ಟೇ ಕಡಿಮೆಯಿರಲಿ, ಎದ್ದು ಬಾ. ಎಂಜಿನ್ ಕೆಟ್ಟರೆ ಕಟ್ಟಿಸಬಹುದು. ಪುಣೆಯ ಬಜಾಜ್ ಟೆಂಪೊದವರು ಮೆಟಾಡೋರ್ ನಿಲ್ಲಿಸಿ ವರ್ಷಗಳಾದರೂ ಮರ್ಸಿಡಿಸ್ ವಿನ್ಯಾಸದ ಓಎಂ 616 ಎಂಜಿನ್ನಿನ ಎಫ್-307 ಸಿಕ್ಕರೆ ಚಿಂತೆಯಿಲ್ಲ, ಅದೇ ಕುಲದ ಎಂಜಿನ್ ಟ್ರಾಕ್ಸ್, ಟ್ರಾವೆಲರ್‌ಗಳಲ್ಲೂ ಇದ್ದದ್ದರಿಂದ ಅದನ್ನು ಬಲ್ಲ ಮೇಸ್ತ್ರಿಗಳಿದ್ದಾರೆ. ಚಾಸಿ ಹೋದ ಗಾಡಿ ಮಾತ್ರ ಗುಜರಿಗೆ ಸರಿ.

ಕಾಗದಪತ್ರವನ್ನು ಹಗುರವಾಗಿ ಎಣಿಸಬೇಡ. ಸ್ವಂತದ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣ ಬಿಟ್ಟುಹೋದ ಗಾಡಿಯನ್ನು ನಂಬಿ ಹಣ ಕೊಡಬೇಡ. ಸೀಟು ಕಿತ್ತು ಮಂಚ ಹಾಕುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಆದ್ದರಿಂದ ಕೆಲಸ ಶುರುಮಾಡುವ ಮೊದಲೇ ಹೊನ್ನಾವರದ ಆರ್‌ಟಿಓ ಕಚೇರಿಗೆ ಹೋಗಿ ಏನೇನು ಬದಲಿಸುತ್ತೀ ಎಂದು ಬರೆದುಕೊಟ್ಟು, ಅನುಮತಿ ಕೈಗೆ ಬಂದ ಮೇಲೆ ಸ್ಪ್ಯಾನರ್ ಹಿಡಿ. ವಿಂಟೇಜ್ ಎಂಬ ಪಟ್ಟಕ್ಕೂ ಆಸೆಪಡಬೇಡ. 2021ರ ನಿಯಮದಂತೆ ಅದು 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ಸಿಗುವಂಥದ್ದು. ಸಿಕ್ಕ ಮೇಲೆ ದಿನನಿತ್ಯದ ಓಡಾಟಕ್ಕೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ. ನಿನಗೆ ಬೇಕಾದದ್ದು ತಿರುಗಾಟ.

ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಬ್ರೇಕು, ಟಯರು. ಟಯರಿನ ಬದಿಯ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ಅಚ್ಚು ಚೆನ್ನಾಗಿದ್ದರೂ ರಬ್ಬರು ಹಳತಾಗಿದ್ದರೆ ಬದಲಿಸು. ಆಮೇಲೆ ಸೋರಿಕೆ, ಆಮೇಲೆ ತುಕ್ಕು. ಬಣ್ಣ ಕಟ್ಟಕಡೆಗೆ. ಸೋರುವ ಛಾವಣಿಯ ಕೆಳಗೆ ಪ್ಲೈವುಡ್ ಹೊಡೆದರೆ ಎರಡು ಮಳೆಗಾಲಕ್ಕೆ ಅದು ಉಬ್ಬಿ ಏಳುತ್ತದೆ.

ಮೆಟಾಡೋರನ್ನು ಎಳೆಯುವುದು ಮುಂದಿನ ಚಕ್ರ. ಹಿಂದಿನ ಚಕ್ರ ತಿರುಗಿಸುವ ಉದ್ದ ದಂಡ ಇಲ್ಲದ್ದರಿಂದಲೇ ಅದರ ನೆಲ ಅಷ್ಟು ತಗ್ಗಾಗಿದೆ, ಮನೆಮಾಡಲು ಬಹಳ ಅನುಕೂಲ. ಆದರೆ ನೀರಿನ ಟಾಂಕಿ, ಬ್ಯಾಟರಿ, ಪಾತ್ರೆಪೆಟ್ಟಿಗೆ ಎಲ್ಲವನ್ನೂ ಹಿಂಬಾಗಿಲ ಬಳಿ ಪೇರಿಸಿದರೆ ಗೇರುಸೊಪ್ಪೆ ಘಾಟಿಯ ಒದ್ದೆ ಏರಿನಲ್ಲಿ ಮುಂದಿನ ಚಕ್ರ ಹಿಡಿತ ಬಿಡುತ್ತದೆ. ಭಾರ ಆದಷ್ಟು ಮುಂದಕ್ಕಿರಲಿ, ತಳದಲ್ಲಿರಲಿ.

ಒಳಗೆ ಒಲೆ ಇಡುವುದಾದರೆ ಇದೊಂದನ್ನು ಮರೆಯಬೇಡ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಕಿಟಕಿ ತೆರೆದಿದ್ದರೆ ಸಾಲದು, ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಿಂದ ಹೊರಗೆ ತೂತು ಇರಲೇಬೇಕು. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿಯೇ ಮಲಗು.

ಖರ್ಚು ನೀನು ಅಂದುಕೊಂಡದ್ದಕ್ಕಿಂತ ಹೆಚ್ಚಾಗುತ್ತದೆ. ಕೈಲಿರುವ ಹಣದ ಅರ್ಧಕ್ಕೆ ಗಾಡಿ ಕೊಳ್ಳು, ಉಳಿದರ್ಧ ಗ್ಯಾರೇಜಿಗೆ ಇರಲಿ. ಮಳೆಗಾಲದಲ್ಲಿ ನಿಲ್ಲಿಸಲು ಮನೆಯ ಹಿಂದೆ ತಗಡಿನ ಮಾಡೊಂದನ್ನು ಗಾಡಿ ಬರುವ ಮೊದಲೇ ಕಟ್ಟಿಸು. ಅಷ್ಟಕ್ಕೆ ಹಣ ಹೊಂದದಿದ್ದರೆ ಈ ವರ್ಷ ಕೊಳ್ಳಬೇಡ. ಬರುವ ಆಷಾಢಕ್ಕೆ ನೋಡಲು ಹೋಗುವಾಗ ನನ್ನನ್ನೂ ಕರೆ, ಬರುತ್ತೇನೆ.