ಮೂರು ಬೆಟ್ಟಕ್ಕೆ ಹೊರಟವನಿಗೆ

ದೇವಾ ಸಾನ್‌ಜಾನ್‌ಗೆ ಹೋಗುತ್ತೇನೆ ಅಂದೆಯಲ್ಲ, ಕೇಳಿ ಖುಷಿಯಾಯಿತು. ಟೋಕಿಯೋದಲ್ಲಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರು ರಜೆ ಸಿಕ್ಕಿದ್ದೇ ತಡ ಫೂಜಿ, ಕ್ಯೋಟೋ ಅಂತ ಓಡುತ್ತಾರೆ. ನೀನು ಯಾಮಾಗಾಟಾದ ಮೂಲೆಯ ಬೆಟ್ಟಗಳನ್ನು ಹುಡುಕಿಕೊಂಡಿದ್ದೀಯ. ಆದರೆ ಒಂದೇ ದಿನದಲ್ಲಿ ಮೂರನ್ನೂ ಮುಗಿಸುವ ಪ್ಲಾನು ಮಾತ್ರ ಬೇಡ ಮಾರಾಯ. ಹಗುರೋ 414 ಮೀಟರ್, ಗಸ್ಸಾನ್ 1,984, ಯುದೋನೋ 1,504. ಕುದುರೆಮುಖ ಹತ್ತಿ ಬಂದವನಿಗೆ ಇದೇನು ಮಹಾ ಅನ್ನಿಸೀತು. ಅಲ್ಲಿಯವರ ಲೆಕ್ಕ ಮೀಟರಿನದಲ್ಲ. ಹಗುರೋ ಅಂದರೆ ಈ ಬದುಕು, ಗಸ್ಸಾನ್ ಸಾವು, ಯುದೋನೋ ಮರುಹುಟ್ಟು. ಅದೇ ಕ್ರಮದಲ್ಲಿ ಹೋಗು. ಸತ್ತು ಹುಟ್ಟುವುದಕ್ಕೆ ಎರಡು ದಿನವಾದರೂ ಇಟ್ಟುಕೊಳ್ಳಬೇಡವೇ?

ಹಗುರೋ ತುದಿಯವರೆಗೆ ಬಸ್ಸಿದೆ. ಅದರಲ್ಲಿ ತುದಿಯವರೆಗೆ ಹೋಗಬೇಡ. ಝುಯಿಶಿನ್‌ಮೋನ್ ಬಾಗಿಲಿನಲ್ಲಿ ಇಳಿದು ನಡೆ, 2,446 ಕಲ್ಲಿನ ಮೆಟ್ಟಿಲು. ಬೆಟ್ಟ ಹತ್ತಬೇಕೆಂದು ಬಂದವನನ್ನು ಮೊದಲ ಮೆಟ್ಟಿಲುಗಳು ಕೆಳಕ್ಕೆ ಇಳಿಸುತ್ತವೆ, ಹೊಳೆ ದಾಟಿಸುತ್ತವೆ. ಆಮೇಲೆ ಸಾವಿರ ವರ್ಷ ದಾಟಿದೆ ಎನ್ನುವ ಒಂದು ಮುದುಕ ದೇವದಾರು, ಅದನ್ನು ಅವರು ಕರೆಯುವುದೂ ‘ಅಜ್ಜ’ ಅಂತಲೇ. ಅದರ ಆಚೆ ಮರಗಳ ನಡುವೆ ಐದು ಅಂತಸ್ತಿನ ಗೋಪುರ, ಸುಮಾರು 29 ಮೀಟರ್ ಎತ್ತರ. ಬಣ್ಣ ಕಾಣದ ಮರ ಬೂದಿಯ ಬಣ್ಣಕ್ಕೆ ತಿರುಗಿದೆ. ಮುಂದೆ ಏರು ಶುರುವಾದ ಮೇಲೆ ಕಾಲಡಿ ನೋಡಿಕೊಂಡು ಹೋಗು: ಕೆಲವು ಕಲ್ಲುಗಳ ಮೇಲೆ ಸೋರೆ ಬುರುಡೆ, ಸಾಕೆ ಬಟ್ಟಲು ಮೊದಲಾದವನ್ನು ಕೆತ್ತಿದ್ದಾರೆ. ಎರಡನೇ ಏರು ಮುಗಿಯುವಲ್ಲಿ ಒಂದು ಚಹಾದಂಗಡಿ. ಅಲ್ಲಿಯ ಅಕ್ಕಿಯ ಮೋಚಿ ತಿಂದು, ಕೆಳಗಿನ ಬಯಲು ನೋಡುತ್ತ ಕೂತುಕೋ. ಯಾರೂ ಏಳು ಅನ್ನುವುದಿಲ್ಲ.

ರಾತ್ರಿ ಹೋಟೆಲು ಹುಡುಕಬೇಡ. ಬೆಟ್ಟದ ಬುಡದ ತೋಗೆಯಲ್ಲಿ ಯಾತ್ರಿಕರಿಗೆಂದೇ ಇರುವ ಶುಕುಬೋ ಮನೆಗಳಿವೆ. ಊಟ ಶೋಜಿನ್ ರ್ಯೋರಿ. ಈರುಳ್ಳಿ, ಬೆಳ್ಳುಳ್ಳಿ ಸೇರಿಸದ ಮಠದ ಅಡುಗೆ. ಕಾಡುಸೊಪ್ಪು, ಕಳಲೆ, ಎಳ್ಳಿನ ತೋಫು ಬರುತ್ತದೆ. ಕೆಲವು ಮನೆಗಳಲ್ಲಿ ಮೀನೂ ಇರುತ್ತದೆ. ಜಪಾನಿನಲ್ಲಿ ಸಾರಿನ ನೀರಿಗೇ ಮೀನು ಹಾಕುವುದುಂಟು. ಆದ್ದರಿಂದ ಬುಕ್ ಮಾಡುವಾಗಲೇ ಕೇಳಿಬಿಡು. ತಟ್ಟೆ ಮುಂದಿಟ್ಟುಕೊಂಡು ಮುಖ ಸಿಂಡರಿಸಬೇಡ.

ಇನ್ನು ಒಂದು ಮಾತು, ಹೇಳಬೇಕೆಂದು ಕೂತದ್ದೇ ಇದಕ್ಕೆ. ಅಲ್ಲಿ ಯಾಮಾಬುಶಿ ಎಂಬ ಬಿಳಿ ಬಟ್ಟೆಯ ಬೆಟ್ಟದ ತಪಸ್ವಿಗಳು ಶಂಖ ಊದುತ್ತಾರೆ. ಬೆಂಕಿ ಹಾಕಿ ಆಹುತಿ ಕೊಡುವುದೂ ಉಂಟು. ನೋಡಿದ ಕೂಡಲೇ ‘ಇದೆಲ್ಲ ನಮ್ಮದೇ’ ಅನ್ನುವುದು ನಾಲಿಗೆ ತುದಿಗೆ ಬರುತ್ತದೆ. ನುಂಗಿಕೋ. ನಮ್ಮ ಹೋಮ ಬೌದ್ಧರ ಜೊತೆ ಚೀನಾ ದಾಟಿ ಅಲ್ಲಿಗೆ ಹೋದದ್ದು ನಿಜವೇ. ಆದರೆ ಅದಕ್ಕೂ ಮುಂಚೆ ಅವರಿಗೆ ಬೆಟ್ಟಗಳಿದ್ದವು, ಬೆಟ್ಟದ ದೇವರಿದ್ದರು. ಎರಡೂ ಬೆರೆತು ಶುಗೆಂದೋ ಎಂಬ ಪಂಥವಾಯಿತು. ಅದನ್ನು ಉಳಿಸಿಕೊಳ್ಳಲು ಅವರು ಪಟ್ಟ ಪಾಡೂ ಅವರದೇ. 1868ರಲ್ಲಿ ಮೇಯ್ಜಿ ಸರ್ಕಾರ ಶಿಂಟೋ, ಬೌದ್ಧ ಎರಡನ್ನೂ ಬೇರೆ ಮಾಡಲು ಹೊರಟಿತು. 1872ರಲ್ಲಿ ಶುಗೆಂದೋವನ್ನೇ ನಿಷೇಧಿಸಿತು. ಹಗುರೋದಲ್ಲಿ ಬಹುಪಾಲು ಬೌದ್ಧ ಕಟ್ಟಡಗಳು ಹೋದವು, ಆ ಗೋಪುರ ಉಳಿಯಿತು. ಬೌದ್ಧರ ಗೋಪುರ ಇವತ್ತು ಶಿಂಟೋ ದೇಗುಲದ ಸುಪರ್ದಿನಲ್ಲಿದೆ.

ಹಾಗೆ ಬೇರೆಯಾದದ್ದರಿಂದ ಈಗಲೂ ಬೇಸಿಗೆ ಮುಗಿಯುವ ಹೊತ್ತಿಗೆ ನಡೆಯುವ ‘ಶರತ್ಕಾಲದ ಶಿಖರ’ ಎಂಬ ವ್ರತವನ್ನು ದೇಗುಲದವರೂ ಶೋಝೆನ್‌ಇನ್ ಎಂಬ ಬೌದ್ಧ ಮಂದಿರದವರೂ ಬೇರೆ ಬೇರೆ ನಡೆಸುತ್ತಾರೆ. ಅದರಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತವರ ನಡುವೆ ಕೆಂಡಕ್ಕೆ ಮೆಣಸಿನಕಾಯಿ ಹಾಕುವ ಒಂದು ಪರೀಕ್ಷೆಯಿದೆ. ಒಗ್ಗರಣೆಗೆ ಮೆಣಸು ಸೀದರೆ ನಮ್ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡುತ್ತೇವಲ್ಲ, ಅದೇ ಘಾಟು. ಅಲ್ಲಿ ಓಡುವ ಹಾಗಿಲ್ಲ. ಇದಕ್ಕೆ ನಮ್ಮಲ್ಲಿ ಯಾವ ಶಾಸ್ತ್ರ ಹುಡುಕುತ್ತೀಯ? ಹುಡುಕಬೇಡ, ಕೇಳು. ಅವರ ಬೆಟ್ಟದ ವಿಷಯ ಅವರ ಬಾಯಿಂದಲೇ ಬರಲಿ.

ಗಸ್ಸಾನ್ ದೇಗುಲ ತೆರೆಯುವುದು ಜುಲೈನಲ್ಲಿ, ಸೆಪ್ಟೆಂಬರ್ ನಡುವಿಗೆ ಮುಚ್ಚುತ್ತದೆ. ಚಳಿಗಾಲದ ಹಿಮ ಎಷ್ಟೆಂದರೆ ಅಲ್ಲಿಯ ಸ್ಕೀ ಮೈದಾನ ಶುರುವಾಗುವುದೇ ಏಪ್ರಿಲಿನಲ್ಲಿ. ಎಂಟನೇ ನಿಲ್ದಾಣದವರೆಗೆ ಬಸ್ಸು ಹೋಗುತ್ತದೆ, ಅದನ್ನು ಹತ್ತಿದರೆ ಅಡ್ಡಿಯಿಲ್ಲ. ಕರಡಿಯನ್ನು ದೂರವಿಡುವ ಗಂಟೆ, ಮಳೆ ಅಂಗಿ ಜೊತೆಗಿರಲಿ. ಯುದೋನೋ ಕಡೆ ಇಳಿಯುವಾಗ ಕಬ್ಬಿಣದ ಏಣಿಗಳಿವೆ. ಒದ್ದೆಯಾಗಿದ್ದರೆ ಏಣಿಗೆ ಮುಖ ಮಾಡಿ ಇಳಿ. ಮಂಜು ಮುಸುಕಿದರೆ ಹಿಂದಕ್ಕೆ ಬಾ, ಅವಮಾನವೇನಿಲ್ಲ.

ಯುದೋನೋದಲ್ಲಿ ಚಪ್ಪಲಿ ಬಿಡಿಸುತ್ತಾರೆ. ಮನುಷ್ಯಾಕಾರದ ಕಾಗದ ಕೊಡುತ್ತಾರೆ, ಮೈಗೆ ಸವರಿ ನೀರಿಗೆ ಬಿಡಬೇಕು. ಫೋಟೋ ತೆಗೆಯುವಂತಿಲ್ಲ. ನೋಡಿದ್ದನ್ನು ಹೊರಗೆ ಹೇಳುವುದೂ ನಿಷಿದ್ಧ. 1689ರಲ್ಲಿ ಬಂದ ಕವಿ ಬಾಶೋ ದಾರಿಯುದ್ದಕ್ಕೂ ಬರೆದವನು, ಅಲ್ಲಿಯ ವಿವರ ಬಂದಾಗ ಅಷ್ಟಕ್ಕೇ ನಿಲ್ಲಿಸಿದ. ನಾನೂ ಹೇಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಯಾರಾದರೂ ಹಾಕಿರುತ್ತಾರೆ, ನೋಡಿ ಹೋಗಬೇಡ. ಬಂದ ಮೇಲೆ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಮ್ಮ ಎಷ್ಟು ಪೀಡಿಸಿದರೂ ಬಾಯಿ ಬಿಡಬೇಡ.

ಅಲ್ಲಿಂದ ಬಸ್ಸು ಕಡಿಮೆ, ವೇಳೆ ಮೊದಲೇ ಬರೆದಿಟ್ಟುಕೋ. ಕೈಯಲ್ಲಿ ನಗದು ಇರಲಿ. ಹೋಗುವಾಗ ನೀಗಾಟಾದವರೆಗೆ ಶಿಂಕಾನ್ಸೆನ್, ಅಲ್ಲಿಂದ ತ್ಸುರುಓಕಾಗೆ ಇನಾಹೊ ರೈಲು. ಅದರಲ್ಲಿ ಎಡಗಡೆಯ ಕಿಟಕಿ ಹಿಡಿ, ಸಮುದ್ರ ಆ ಕಡೆಗಿದೆ.