ಮೂಲವಸ್ತು ಮತ್ತು ಸಂಯುಕ್ತ ವಸ್ತು: ಗೊಬ್ಬರ ಕೊಳ್ಳುವ ರೈತರು ತಿಳಿದಿರಬೇಕಾದ ವಿಷಯ

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಎಕರೆಗೆ 40 ಕಿ.ಗ್ರಾಂ. ಸಾರಜನಕ’ ಎಂದು ಬರೆದಿದೆ ಎನ್ನೋಣ. ರೈತರು ಅಂಗಡಿಗೆ ಹೋಗಿ 40 ಕಿ.ಗ್ರಾಂ. ಯೂರಿಯಾ ತಂದು ಹಾಕುತ್ತಾರೆ. ಚೀಟಿಯಲ್ಲಿ ಹೇಳಿದಷ್ಟನ್ನೇ ಹಾಕಿದೆನೆಂಬ ಸಮಾಧಾನ ಅವರದು. ಆದರೆ ಅವರು ಭೂಮಿಗೆ ಹಾಕಿದ ಸಾರಜನಕ 18.4 ಕಿ.ಗ್ರಾಂ. ಮಾತ್ರ. ಅರ್ಧಕ್ಕಿಂತಲೂ ಕಡಿಮೆ! ಇನ್ನೊಬ್ಬ ರೈತರಿಗೆ ‘ನಿಮ್ಮ ಕ್ಷಾರ ಭೂಮಿಗೆ ಕ್ಯಾಲ್ಸಿಯಂ ಬೇಕು’ ಎಂದು ಯಾರೋ ಹೇಳಿರುತ್ತಾರೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆಯೆಂದು ಅವರು ಗಾಡಿಗಟ್ಟಲೆ ಸುಣ್ಣ ಹೊಡೆಸುತ್ತಾರೆ. ಭೂಮಿ ಸುಧಾರಿಸುವುದಿಲ್ಲ, ಹಣವೂ ಹೋಯಿತು, ವರ್ಷವೂ ಹೋಯಿತು.

ಈ ಎರಡು ತಪ್ಪುಗಳಿಗೂ ಮೂಲ ಒಂದೇ. ಮೂಲವಸ್ತು ಯಾವುದು, ಸಂಯುಕ್ತ ವಸ್ತು ಯಾವುದು ಎಂಬ ವ್ಯತ್ಯಾಸ ತಿಳಿಯದಿರುವುದು. ಇದು ಶಾಲೆಯ ಹುಡುಗರಿಗೆ ಮಾತ್ರ ಬೇಕಾದ ಪಾಠವಲ್ಲ. ಗೊಬ್ಬರ, ಸುಣ್ಣ, ಮೈಲುತುತ್ತ ಕೊಳ್ಳುವ ಪ್ರತಿಯೊಬ್ಬ ರೈತರಿಗೂ ಇದು ಬೇಕು.

ಮೂಲವಸ್ತು ಎಂದರೇನು?

ಯಾವ ರಾಸಾಯನಿಕ ವಿಧಾನದಿಂದಲೂ ಇನ್ನಷ್ಟು ಸರಳವಾದ ವಸ್ತುಗಳಾಗಿ ಒಡೆಯಲು ಬಾರದ ವಸ್ತುವೇ ಮೂಲವಸ್ತು. ಶಾಲೆಯ ಪುಸ್ತಕಗಳಲ್ಲಿ ಇದನ್ನು ಧಾತು ಎಂದೂ ಕರೆಯುತ್ತಾರೆ. ಕಬ್ಬಿಣ, ತಾಮ್ರ, ಚಿನ್ನ, ಗಂಧಕ, ಸತು, ಇಂಗಾಲ, ಸಾರಜನಕ, ಆಮ್ಲಜನಕ ಇವೆಲ್ಲ ಮೂಲವಸ್ತುಗಳು. ಇದುವರೆಗೆ ಗುರುತಿಸಲಾದ ಮೂಲವಸ್ತುಗಳು 118. ಇವುಗಳಲ್ಲಿ ಸಸ್ಯಗಳ ಬೆಳವಣಿಗೆಗೆ ಅತ್ಯವಶ್ಯಕವೆಂದು ಹೇಳುವವು 17.

ಎರಡು ಅಥವಾ ಹೆಚ್ಚು ಮೂಲವಸ್ತುಗಳು ಗೊತ್ತಾದ ಪ್ರಮಾಣದಲ್ಲಿ ರಾಸಾಯನಿಕವಾಗಿ ಕೂಡಿದಾಗ ಆಗುವುದು ಸಂಯುಕ್ತ ವಸ್ತು. ನೀರು ಒಂದು ಸಂಯುಕ್ತ. ಬಾವಿಯ ನೀರಾಗಲಿ, ಕಾವೇರಿಯ ನೀರಾಗಲಿ, ಅದನ್ನು ಶುದ್ಧಗೊಳಿಸಿ ನೋಡಿದರೆ ತೂಕದಲ್ಲಿ 1 ಭಾಗ ಜಲಜನಕಕ್ಕೆ 8 ಭಾಗ ಆಮ್ಲಜನಕ ಇದ್ದೇ ಇರುತ್ತದೆ. ಈ ಪ್ರಮಾಣ ಬದಲಾಗುವುದಿಲ್ಲ.

ಮಿಶ್ರಣವೇ ಬೇರೆ. ಮೊರದಲ್ಲಿ ರಾಗಿ ಮತ್ತು ಅವರೆ ಬೆರೆತಿದ್ದರೆ ಅದು ಮಿಶ್ರಣ. ಎಷ್ಟಕ್ಕೆ ಎಷ್ಟಾದರೂ ಬೆರೆಸಬಹುದು. ರಾಗಿ ರಾಗಿಯಾಗಿಯೇ, ಅವರೆ ಅವರೆಯಾಗಿಯೇ ಉಳಿಯುತ್ತದೆ. ಜರಡಿ ಹಿಡಿದು ಬೇರೆ ಮಾಡಬಹುದು. ಸಂಯುಕ್ತವನ್ನು ಹೀಗೆ ಬೇರೆ ಮಾಡಲು ಬಾರದು. ನೇಗಿಲಿನ ಕುಳಕ್ಕೆ ಹಿಡಿದ ತುಕ್ಕನ್ನು ನೋಡಿ. ಕಬ್ಬಿಣವು ಗಾಳಿಯ ಆಮ್ಲಜನಕ ಮತ್ತು ತೇವದೊಡನೆ ಕೂಡಿ ತುಕ್ಕಾಗಿದೆ. ಕೈಯಲ್ಲಿ ಪುಡಿಯಾಗುವ ಆ ಕೆಂಪು ವಸ್ತುವಿನಲ್ಲಿ ಕಬ್ಬಿಣದ ಗಟ್ಟಿತನವೂ ಇಲ್ಲ, ಗಾಳಿಯ ಗುಣವೂ ಇಲ್ಲ.

ಕೂಡಿದಾಗ ಗುಣ ಬದಲಾಗುತ್ತದೆ

ಸಂಯುಕ್ತದ ಗುಣ ಅದರಲ್ಲಿರುವ ಮೂಲವಸ್ತುಗಳ ಗುಣದಂತಿರುವುದಿಲ್ಲ ಎಂಬುದು ಈ ಪಾಠದ ಮುಖ್ಯ ಅಂಶ. ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುವ ಮೆತ್ತನೆಯ ಲೋಹ. ಕ್ಲೋರಿನ್ ಉಸಿರು ಕಟ್ಟಿಸುವ ವಿಷಾನಿಲ. ಇವೆರಡೂ ಕೂಡಿದರೆ ನಾವು ದಿನವೂ ತಿನ್ನುವ ಅಡಿಗೆ ಉಪ್ಪು. ಹಾಗೆಯೇ ಪೊಟ್ಯಾಸಿಯಂ ಲೋಹ ನೀರು ಸೋಕಿದೊಡನೆ ಹೊತ್ತಿ ಉರಿಯುತ್ತದೆ. ಅದೇ ಪೊಟ್ಯಾಸಿಯಂ ಕ್ಲೋರಿನ್ನಿನೊಡನೆ ಕೂಡಿದಾಗ ನಾವು ಧೈರ್ಯವಾಗಿ ಕೈಯಿಂದ ಎರಚುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ.

ಸಾರಜನಕದ ಮಾತು ಇನ್ನೂ ಸ್ವಾರಸ್ಯದ್ದು. ನಮ್ಮ ಹೊಲದ ಮೇಲಿನ ಗಾಳಿಯಲ್ಲಿ ಶೇಕಡಾ 78 ಭಾಗ ಸಾರಜನಕವೇ. ಆದರೂ ಪೈರು ಸಾರಜನಕವಿಲ್ಲದೆ ಹಳದಿಯಾಗಿ ನಿಲ್ಲುತ್ತದೆ. ಏಕೆಂದರೆ ಗಾಳಿಯಲ್ಲಿರುವುದು ಮೂಲವಸ್ತುವಿನ ರೂಪದ ಸಾರಜನಕ. ಬೆಳೆಗೆ ಬೇಕಾದದ್ದು ಅಮೋನಿಯಂ ಅಥವಾ ನೈಟ್ರೇಟ್ ಎಂಬ ಸಂಯುಕ್ತ ರೂಪದ ಸಾರಜನಕ. ತೊಗರಿ, ಅಲಸಂದೆ, ಕಡಲೆಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಜೀವಾಣುಗಳು ಈ ಬದಲಾವಣೆಯನ್ನು ಮಾಡುತ್ತವೆ. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯ ತಯಾರಿಸುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿಕೊಟ್ಟರು. 1913ರಲ್ಲಿ ಅಲ್ಲಿ ಕಾರ್ಖಾನೆಯೇ ಆರಂಭವಾಯಿತು. ಇಂದಿನ ಯೂರಿಯಾ ತಯಾರಾಗುವುದು ಇಂತಹ ಅಮೋನಿಯದಿಂದಲೇ.

ಚೀಲದ ಮೇಲಿನ ಅಂಕಿಗಳ ಅರ್ಥ

ಯೂರಿಯಾದಲ್ಲಿ ಸಾರಜನಕ, ಇಂಗಾಲ, ಆಮ್ಲಜನಕ, ಜಲಜನಕ ಎಂಬ ನಾಲ್ಕು ಮೂಲವಸ್ತುಗಳಿವೆ. ತೂಕದಲ್ಲಿ 60 ಭಾಗ ಯೂರಿಯಾದಲ್ಲಿ 28 ಭಾಗ ಸಾರಜನಕ, 16 ಭಾಗ ಆಮ್ಲಜನಕ, 12 ಭಾಗ ಇಂಗಾಲ ಮತ್ತು 4 ಭಾಗ ಜಲಜನಕ. ಆದ್ದರಿಂದಲೇ ಯೂರಿಯಾ ಚೀಲದ ಮೇಲೆ ‘ಸಾರಜನಕ ಶೇಕಡಾ 46’ ಎಂದು ಮುದ್ರಿಸಿರುತ್ತಾರೆ. ಉಳಿದ 54 ಭಾಗ ಕಲಬೆರಕೆಯಲ್ಲ. ಅದಿಲ್ಲದೆ ಯೂರಿಯಾವೇ ಇಲ್ಲ. 45 ಕಿ.ಗ್ರಾಂ. ಚೀಲದಲ್ಲಿ ಇರುವ ಸಾರಜನಕ 20.7 ಕಿ.ಗ್ರಾಂ. ಮೊದಲು ಹೇಳಿದ ರೈತರಿಗೆ 40 ಕಿ.ಗ್ರಾಂ. ಸಾರಜನಕಕ್ಕಾಗಿ ಬೇಕಾಗಿದ್ದದ್ದು ಸುಮಾರು 87 ಕಿ.ಗ್ರಾಂ. ಯೂರಿಯಾ, ಎಂದರೆ ಹೆಚ್ಚುಕಡಿಮೆ ಎರಡು ಚೀಲ.

ರಂಜಕ ಮತ್ತು ಪೊಟ್ಯಾಷ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡಿ.ಎ.ಪಿ. ಚೀಲದ ಮೇಲಿನ 18-46-0 ಎಂಬ ಅಂಕಿಗಳಲ್ಲಿ 18 ಎಂಬುದು ಸಾರಜನಕ ಮೂಲವಸ್ತುವಿನ ಲೆಕ್ಕ. ಆದರೆ 46 ಎಂಬುದು ರಂಜಕ ಮೂಲವಸ್ತುವಿನ ಲೆಕ್ಕವಲ್ಲ. ರಂಜಕ ಮತ್ತು ಆಮ್ಲಜನಕ ಕೂಡಿದ ರಂಜಕದ ಪೆಂಟಾಕ್ಸೈಡಿನ ಲೆಕ್ಕ. ಹಾಗೆಯೇ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಚೀಲದ ಮೇಲಿನ 60 ಎಂಬುದು ಪೊಟ್ಯಾಸಿಯಂ ಆಕ್ಸೈಡಿನ ಲೆಕ್ಕ. ವಾಸ್ತವವಾಗಿ ಆ ಚೀಲದೊಳಗೆ ಪೊಟ್ಯಾಸಿಯಂ ಆಕ್ಸೈಡ್ ಇರುವುದೇ ಇಲ್ಲ. ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಹಿಂದಿನ ರಸಾಯನಶಾಸ್ತ್ರಜ್ಞರು ಹಾಕಿಕೊಟ್ಟ ಲೆಕ್ಕದ ಪದ್ಧತಿ ಇಂದಿಗೂ ನಡೆದು ಬಂದಿದೆ.

ಪೆಂಟಾಕ್ಸೈಡಿನ ಅಂಕಿಯನ್ನು 0.44ರಿಂದ ಗುಣಿಸಿದರೆ ರಂಜಕ ಮೂಲವಸ್ತುವಿನ ತೂಕ ಸಿಗುತ್ತದೆ. ಪೊಟ್ಯಾಸಿಯಂ ಆಕ್ಸೈಡಿನ ಅಂಕಿಯನ್ನು 0.83ರಿಂದ ಗುಣಿಸಿದರೆ ಪೊಟ್ಯಾಸಿಯಂ ತೂಕ ಸಿಗುತ್ತದೆ. ನಮ್ಮಲ್ಲಿ ಗೊಬ್ಬರದ ಶಿಫಾರಸುಗಳನ್ನೂ ಸಾಮಾನ್ಯವಾಗಿ ಆಕ್ಸೈಡಿನ ಲೆಕ್ಕದಲ್ಲಿಯೇ ಕೊಡುವುದರಿಂದ ರೈತರು ಚೀಲದ ಅಂಕಿಯನ್ನು ನೇರವಾಗಿ ಬಳಸಬಹುದು. ಮೂಲವಸ್ತುವಿನ ಲೆಕ್ಕದಲ್ಲಿ ಬರೆದ ಪುಸ್ತಕವನ್ನು ಓದುವಾಗ ಮಾತ್ರ ಎಚ್ಚರಿಕೆ ಬೇಕು. ವಿಸ್ತರಣಾ ಕಾರ್ಯಕರ್ತರು ಇದನ್ನು ವಿಶೇಷವಾಗಿ ಗಮನಿಸಬೇಕು.

ಲೆಕ್ಕ ಹಾಕುವ ಕ್ರಮ

ಉದಾಹರಣೆಗೆ ಒಂದು ಎಕರೆಗೆ 40 ಕಿ.ಗ್ರಾಂ. ಸಾರಜನಕ, 20 ಕಿ.ಗ್ರಾಂ. ರಂಜಕ, 20 ಕಿ.ಗ್ರಾಂ. ಪೊಟ್ಯಾಷ್ ಹಾಕಬೇಕಾಗಿದೆ ಎಂದಿಟ್ಟುಕೊಳ್ಳೋಣ. ಬೇಕಾದ ಪೋಷಕಾಂಶವನ್ನು 100ರಿಂದ ಗುಣಿಸಿ, ಚೀಲದ ಮೇಲಿನ ಶೇಕಡಾ ಅಂಕಿಯಿಂದ ಭಾಗಿಸಬೇಕು.

1. ಮೊದಲು ರಂಜಕ. 20 ಕಿ.ಗ್ರಾಂ. ರಂಜಕಕ್ಕೆ ಡಿ.ಎ.ಪಿ. 43.5 ಕಿ.ಗ್ರಾಂ. ಬೇಕು. ಇದರೊಡನೆಯೇ 7.8 ಕಿ.ಗ್ರಾಂ. ಸಾರಜನಕವೂ ಬಂದಿತು.

2. ಉಳಿದ ಸಾರಜನಕ 32.2 ಕಿ.ಗ್ರಾಂ. ಇದಕ್ಕೆ ಯೂರಿಯಾ 70 ಕಿ.ಗ್ರಾಂ.

3. 20 ಕಿ.ಗ್ರಾಂ. ಪೊಟ್ಯಾಷ್‌ಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ 33.3 ಕಿ.ಗ್ರಾಂ.

ಡಿ.ಎ.ಪಿ.ಯಲ್ಲಿರುವ ಸಾರಜನಕವನ್ನು ಕಳೆಯಲು ಮರೆತವರು 17 ಕಿ.ಗ್ರಾಂ. ಯೂರಿಯಾವನ್ನು ಹೆಚ್ಚಾಗಿ ಹಾಕುತ್ತಾರೆ. ಅನಾವಶ್ಯಕ ಸಾರಜನಕದಿಂದ ಪೈರು ಸೊಕ್ಕಿ ಬೆಳೆದು ಮಲಗುತ್ತದೆ. ಕೀಟ ರೋಗಗಳ ಬಾಧೆಯೂ ಹೆಚ್ಚುತ್ತದೆ.

ಮೂಲವಸ್ತು ಒಂದೇ, ಸಂಯುಕ್ತ ಬೇರೆ

ಪ್ರಮಾಣ ಸರಿಯಾದರೆ ಸಾಲದು, ಸಂಯುಕ್ತವೂ ಸರಿಯಾಗಿರಬೇಕು. ಈಗ ಎರಡನೆಯ ರೈತರ ವಿಷಯಕ್ಕೆ ಬರೋಣ. ಸುಣ್ಣದಲ್ಲಿಯೂ ಜಿಪ್ಸಂನಲ್ಲಿಯೂ ಕ್ಯಾಲ್ಸಿಯಂ ಇದೆ. ಸುಣ್ಣ ಮಣ್ಣಿನ ಹುಳಿಯನ್ನು ಕಡಿಮೆ ಮಾಡುತ್ತದೆ. ಹೆಚ್ಚು ಮಳೆ ಬೀಳುವ ಮಲೆನಾಡಿನ ಮತ್ತು ಕರಾವಳಿಯ ಆಮ್ಲ ಮಣ್ಣಿಗೆ ಅದು ಹಿತ. ಕ್ಷಾರ ಭೂಮಿಯ ಕಾಯಿಲೆಯೇ ಬೇರೆ. ಅಲ್ಲಿ ಮಣ್ಣಿನ ಕಣಗಳನ್ನು ಸೋಡಿಯಂ ಹಿಡಿದುಕೊಂಡಿರುತ್ತದೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಇದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರದೂಡುತ್ತದೆ. ಸೋಡಿಯಂ ಸಲ್ಫೇಟಾಗಿ ನೀರಿನಲ್ಲಿ ಕರಗಿ ಬಸಿದು ಹೋಗುತ್ತದೆ. ಆದ್ದರಿಂದ ಜಿಪ್ಸಂ ಹಾಕಿದ ಮೇಲೆ ನೀರು ನಿಲ್ಲಿಸಿ ಬಸಿಗಾಲುವೆಯ ಮೂಲಕ ಹೊರಗೆ ಬಿಡುವುದು ಅಗತ್ಯ. ಕ್ಷಾರ ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಪುಡಿ ಕರಗುವುದೇ ಕಷ್ಟ. ಸುಟ್ಟ ಸುಣ್ಣವಾದರೆ ಕ್ಷಾರ ಇನ್ನೂ ಹೆಚ್ಚುತ್ತದೆ.

ಸತುವಿನ ಸಲ್ಫೇಟಿನಲ್ಲಿಯೂ ಎರಡು ಬಗೆ. ಹೆಚ್ಚು ನೀರಿನ ಅಂಶ ಕೂಡಿದ ಹರಳಿನಲ್ಲಿ ಸತು ಶೇಕಡಾ 21. ಕಡಿಮೆ ನೀರಿನ ಅಂಶವಿರುವುದರಲ್ಲಿ ಶೇಕಡಾ 33. ಮೊದಲ ಬಗೆಯ 10 ಕಿ.ಗ್ರಾಂ. ಎರಡನೆಯದರ ಸುಮಾರು 6.4 ಕಿ.ಗ್ರಾಂ.ಗೆ ಸಮ. ಬೆಲೆ ಹೋಲಿಸುವಾಗ ಚೀಲದ ತೂಕವನ್ನು ನೋಡದೆ ಸತುವಿನ ತೂಕವನ್ನು ನೋಡಬೇಕು.

ಬೆರೆಸುವ ಮುನ್ನ ಯೋಚಿಸಿ

ಎರಡು ಸಂಯುಕ್ತಗಳು ಸೇರಿದಾಗ ಮೂಲವಸ್ತುಗಳು ಜೊತೆ ಬದಲಿಸಿಕೊಂಡು ಹೊಸ ಸಂಯುಕ್ತವಾಗಬಹುದು. ಅಮೋನಿಯಂ ಸಲ್ಫೇಟಿಗೆ ಸುಣ್ಣ ಬೆರೆಸಿದರೆ ಮೂಗಿಗೆ ಘಾಟು ಹೊಡೆಯುತ್ತದೆ. ಅದು ಅಮೋನಿಯ ಅನಿಲ. ನೀವು ಹಣ ಕೊಟ್ಟು ತಂದ ಸಾರಜನಕ ಗಾಳಿಗೆ ಹಾರಿಹೋಗುತ್ತಿದೆ ಎಂದು ತಿಳಿಯಿರಿ. ಸತುವಿನ ಸಲ್ಫೇಟನ್ನು ಡಿ.ಎ.ಪಿ.ಯೊಡನೆ ಬೆರೆಸಿದರೆ ಸತು ಮತ್ತು ರಂಜಕ ಕೂಡಿ ನೀರಿನಲ್ಲಿ ಸುಲಭವಾಗಿ ಕರಗದ ಸಂಯುಕ್ತವಾಗುತ್ತದೆ; ಬೆಳೆಗೆ ಎರಡೂ ಸರಿಯಾಗಿ ದಕ್ಕುವುದಿಲ್ಲ. ಸತುವನ್ನು ಮರಳು ಅಥವಾ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಬೇರೆಯಾಗಿಯೇ ಹಾಕಬೇಕು.

ಕೆಲವೊಮ್ಮೆ ಇಂತಹ ಬದಲಾವಣೆಯೇ ನಮಗೆ ಬೇಕಾಗಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಇದಕ್ಕೆ ಒಳ್ಳೆಯ ಉದಾಹರಣೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಈ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಮೇಲೆ ಬಳಸಿ ತೋರಿಸಿದವರು ಡಾ. ಲೆಸ್ಲಿ ಕೋಲ್ಮನ್. ಶೇಕಡಾ 1ರ ದ್ರಾವಣಕ್ಕೆ 1 ಕಿ.ಗ್ರಾಂ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕಿ.ಗ್ರಾಂ. ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೊಂದು 50 ಲೀಟರ್ ನೀರಿನಲ್ಲಿ ಕದಡಿ ಸೋಸಬೇಕು. ಬಳಿಕ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು.

ದ್ರಾವಣ ಸರಿಯಾಯಿತೇ ಎಂದು ನೋಡಲು ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಕೊಂಚ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಅದು ತಾಮ್ರ. ನೀಲಿ ಮೈಲುತುತ್ತದಲ್ಲಿ ಅಡಗಿದ್ದ ಮೂಲವಸ್ತು ಕಣ್ಣಿಗೆ ಕಾಣುವಂತೆ ಹೊರಗೆ ಬಂದಿದೆ. ಅದರ ಜಾಗಕ್ಕೆ ಚಾಕುವಿನ ಕಬ್ಬಿಣ ಹೋಗಿದೆ. ಎಂದರೆ ಸುಣ್ಣದೊಡನೆ ಕೂಡದ ಮೈಲುತುತ್ತ ಇನ್ನೂ ಉಳಿದಿದೆ. ಹಾಗೆಯೇ ಸಿಂಪಡಿಸಿದರೆ ಎಳೆಯ ಕಾಯಿ, ಎಲೆಗಳು ಸುಡುತ್ತವೆ. ಕೆಂಪು ಲೇಪ ಬಾರದವರೆಗೆ ಸುಣ್ಣದ ನೀರನ್ನು ಸೇರಿಸಬೇಕು. ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಬೇಡವೆಂದು ಹೇಳುವುದೂ ಇದೇ ಕಾರಣಕ್ಕೆ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬಳಸಿ, ದ್ರಾವಣವನ್ನು ಅದೇ ದಿನ ಸಿಂಪಡಿಸಿ ಮುಗಿಸಿರಿ.

ನೆನಪಿಡಬೇಕಾದ ಅಂಶಗಳು

1. ಬೆಳೆಗೆ ಬೇಕಾದದ್ದು ಮೂಲವಸ್ತು. ಅಂಗಡಿಯಲ್ಲಿ ಸಿಗುವುದು ಸಂಯುಕ್ತ.

2. ಚೀಲದ ತೂಕವೇ ಪೋಷಕಾಂಶದ ತೂಕವಲ್ಲ. ಶೇಕಡಾ ಅಂಕಿಯನ್ನು ಓದಿ ಲೆಕ್ಕ ಹಾಕಿರಿ.

3. ಮೂಲವಸ್ತುವಿನ ಹೆಸರು ಕೇಳಿದ ಕೂಡಲೇ ಕೊಳ್ಳಬೇಡಿ. ಯಾವ ಸಂಯುಕ್ತ, ಯಾವ ಮಣ್ಣಿಗೆ ಎಂದು ಕೇಳಿರಿ.

4. ಗೊತ್ತಿಲ್ಲದೆ ಎರಡನ್ನು ಬೆರೆಸಬೇಡಿ.

ಮುಂದಿನ ಸಲ ಗೊಬ್ಬರ ತಂದಾಗ ಚೀಲವನ್ನು ಬಿಚ್ಚುವ ಮುನ್ನ ಅದರ ಮೇಲಿನ ಬರಹವನ್ನು ಓದಿರಿ. ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿಸಿರಿ. ಸಂದೇಹವಿದ್ದಲ್ಲಿ ಮಣ್ಣು ಪರೀಕ್ಷೆಯ ಚೀಟಿಯೊಡನೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಕಾಣಿರಿ.