ಕ್ಯಾಮೆರಾದ ಕಣ್ಣು: ಸ್ವಯಂಚಾಲಿತ ಫೋಕಸ್ ಪದ್ಧತಿಯ ಪರಿಚಯ

ಊರನ್ನು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ಕುಟುಂಬಗಳಲ್ಲಿ ಛಾಯಾಚಿತ್ರಕ್ಕೆ ವಿಶೇಷವಾದ ಸ್ಥಾನವಿದೆ. ಹೈದರಾಬಾದಿನಲ್ಲಿ ಜರುಗಿದ ನಾಮಕರಣ, ಉಪನಯನ, ಷಷ್ಟ್ಯಬ್ದಿ ಸಮಾರಂಭಗಳನ್ನು ಧಾರವಾಡ, ರಾಯಚೂರು, ಶಿವಮೊಗ್ಗೆಗಳಲ್ಲಿರುವ ಬಂಧುಗಳಲ್ಲಿ ಹಲವರು ಕಾಣುವುದು ಚಿತ್ರದಲ್ಲಿಯೇ. ಊರಿನಿಂದ ಬಂದ ತಂದೆತಾಯಿಯರು ನಾಲ್ಕು ದಿನ ಇದ್ದು ಹಿಂದಿರುಗಿದ ಮೇಲೆ ಮನೆಯಲ್ಲಿ ಉಳಿಯುವುದೂ ಚಿತ್ರವೇ. ಹಿರಿಯರು ಕಾಲವಾದಾಗ ಗೋಡೆಯ ಮೇಲೇರುವ ಭಾವಚಿತ್ರವು ಎಷ್ಟೋ ಮನೆಗಳಲ್ಲಿ ಇಂತಹ ಯಾವುದೋ ಸಮಾರಂಭದ ಗುಂಪುಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿದುದಾಗಿರುತ್ತದೆ. ಹಾಗೆ ದೊಡ್ಡದು ಮಾಡುವಾಗಲೇ ಲೋಪ ಕಣ್ಣಿಗೆ ಬೀಳುವುದು: ಮುಂದೆ ಹಿಡಿದ ಹೂವಿನ ಹಾರದ ಎಸಳುಗಳೆಲ್ಲ ಸ್ಪಷ್ಟ, ಹಿಂದೆ ಕುಳಿತ ಅಜ್ಜಿಯ ಮುಖ ಮಸುಕು. ಆ ವೇಳೆಗೆ ಅದನ್ನು ತಿದ್ದಲು ಅವಕಾಶವಿರುವುದಿಲ್ಲ.

ಬೆಲೆಬಾಳುವ ಡಿಜಿಟಲ್ ಕ್ಯಾಮೆರಾ ಕೈಯಲ್ಲಿದ್ದೂ ಹೀಗಾಗುವುದೇಕೆ? ಯಂತ್ರವು ದೂರವನ್ನು ನಿರ್ಣಯಿಸಬಲ್ಲದು. ಚಿತ್ರದಲ್ಲಿರುವವರ ಪೈಕಿ ಮುಖ್ಯರು ಯಾರೆಂಬುದನ್ನು ಅದು ಅರಿಯದು. ಆ ಆಯ್ಕೆಯನ್ನು ಕ್ಯಾಮೆರಾ ಹಿಡಿದವರೇ ಮಾಡಿ ಯಂತ್ರಕ್ಕೆ ತಿಳಿಸಬೇಕು. ತಿಳಿಸುವ ಸಾಧನಗಳು ಎರಡು: ಫೋಕಸ್ ವಿಧಾನ ಮತ್ತು ಫೋಕಸ್ ಬಿಂದು. ಇವೆರಡರ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಕಣ್ಣು ಮತ್ತು ಮಸೂರ

ವಸ್ತುವಿನ ಒಂದು ಬಿಂದುವಿನಿಂದ ಹೊರಟ ಬೆಳಕಿನ ಕಿರಣಗಳು ಮಸೂರದ ಮೂಲಕ ಹಾದು ಪರದೆಯ ಮೇಲೆ ಮತ್ತೆ ಒಂದೇ ಬಿಂದುವಿನಲ್ಲಿ ಕೂಡಿದಾಗ ಬಿಂಬ ಸ್ಪಷ್ಟವಾಗುತ್ತದೆ. ಪರದೆಗಿಂತ ಮುಂದೆ ಅಥವಾ ಹಿಂದೆ ಕೂಡಿದರೆ ಮಸುಕಾಗುತ್ತದೆ. ಸರಿಯಾದ ಸ್ಥಳದಲ್ಲಿ ಕೂಡಿಸುವ ಈ ಕ್ರಿಯೆಗೆ ಫೋಕಸ್ ಎಂದು ಹೆಸರು. ಮನುಷ್ಯನ ಕಣ್ಣಿನಲ್ಲಿ ಆ ಪರದೆ ಅಕ್ಷಿಪಟಲ. ಡಿಜಿಟಲ್ ಕ್ಯಾಮೆರಾದಲ್ಲಿ ಸಂವೇದಕ. ಸಮೀಪದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಸಿಲಿಯರಿ ಸ್ನಾಯು ಸಂಕುಚಿಸಿ ಮಸೂರವು ಉಬ್ಬುತ್ತದೆ. ಗಾಜಿನ ಮಸೂರ ಉಬ್ಬಲಾರದು. ಆದ್ದರಿಂದ ಕ್ಯಾಮೆರಾದಲ್ಲಿ ಮಸೂರವನ್ನೇ ಹಿಂದಕ್ಕೂ ಮುಂದಕ್ಕೂ ಸರಿಸಬೇಕಾಗುತ್ತದೆ. ಮೀನಿನ ಕಣ್ಣು ಮಾಡುವುದೂ ಇದನ್ನೇ.

ಒಂದು ಕಾಲಕ್ಕೆ ಹೀಗೆ ಸರಿಸುವ ಕೆಲಸ ಛಾಯಾಗ್ರಾಹಕನ ಕೈಯದಾಗಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ ಹೈದರಾಬಾದಿಗೆ ಕೀರ್ತಿ ತಂದ ರಾಜಾ ದೀನ್ ದಯಾಳ್ (1844–1905) ಅವರ ಕಾಲದ ದೊಡ್ಡ ಕ್ಯಾಮೆರಾಗಳಲ್ಲಿ, ಕಪ್ಪು ಬಟ್ಟೆಯೊಳಗೆ ತಲೆಯಿಟ್ಟು, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಮಸೂರವನ್ನು ಹೊಂದಿಸಬೇಕಾಗಿತ್ತು. ಎದುರಿಗಿದ್ದವರು ಅಲುಗದೆ ಕುಳಿತಿರಬೇಕಾಗಿತ್ತು. ಯಾರ ಮುಖ ಸ್ಪಷ್ಟವಾಗಿರಬೇಕೆಂಬ ನಿರ್ಧಾರವಂತೂ ಸಂಪೂರ್ಣವಾಗಿ ಮನುಷ್ಯನದೇ.

1977ರಲ್ಲಿ ಜಪಾನಿನ ಕೋನಿಕಾ ಸಂಸ್ಥೆಯ ಸಿ35 ಎಎಫ್ ಎಂಬ ಪುಟ್ಟ ಕ್ಯಾಮೆರಾ ಈ ಕೆಲಸವನ್ನು ತಾನೇ ಮಾಡುವ ಯಂತ್ರವಾಗಿ ಜನಸಾಮಾನ್ಯರ ಕೈಗೆ ಬಂದಿತು. 1985ರ ಮಿನೋಲ್ಟಾ 7000 ಕ್ಯಾಮೆರಾ ಸಂವೇದಕ ಮತ್ತು ಮೋಟಾರುಗಳೆರಡನ್ನೂ ತನ್ನ ದೇಹದಲ್ಲಿಯೇ ಅಳವಡಿಸಿಕೊಂಡು ಯಶಸ್ವಿಯಾಯಿತು. ಅದರಲ್ಲಿದ್ದ ಫೋಕಸ್ ಬಿಂದು ಒಂದೇ, ಅದೂ ನಡುಮಧ್ಯದಲ್ಲಿ. ಮುಂದೆ ಬಿಂದುಗಳ ಸಂಖ್ಯೆ ಬೆಳೆಯಿತು. ಕ್ಯಾನನ್ 1500ಡಿ ಮಾದರಿಯಲ್ಲಿ 9, ನಿಕಾನ್ ಡಿ3500 ಮಾದರಿಯಲ್ಲಿ 11, ನಿಕಾನ್ ಡಿ850ರಲ್ಲಿ 153. ಇಂದಿನ ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಚೌಕಟ್ಟಿನ ಬಹುಭಾಗವೆಲ್ಲ ಬಿಂದುಗಳೇ. ಬಿಂದುಗಳು ಹೆಚ್ಚಿದಂತೆ ಆಯ್ಕೆಯ ಅಗತ್ಯವೂ ಹೆಚ್ಚಿತೆಂಬುದನ್ನು ಮರೆಯಲಾಗದು.

ಯಂತ್ರವು ಲೆಕ್ಕ ಹಾಕುವ ಬಗೆ

ಮೊದಲನೆಯ ಪದ್ಧತಿಯಲ್ಲಿ ಮಸೂರದ ಎರಡು ಪಾರ್ಶ್ವಗಳಿಂದ ಬಂದ ಬೆಳಕನ್ನು ಬೇರೆಬೇರೆಯಾಗಿ ಗ್ರಹಿಸಿ ಎರಡು ಬಿಂಬಗಳನ್ನು ತಾಳೆ ನೋಡಲಾಗುತ್ತದೆ. ಜಮಾ ಮತ್ತು ಖರ್ಚಿನ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಎಷ್ಟು ಮತ್ತು ಯಾವ ಕಡೆಗೆ ಎಂಬುದು ಒಮ್ಮೆಗೇ ತಿಳಿಯುವಂತೆ, ಇಲ್ಲಿಯೂ ಮಸೂರವನ್ನು ಯಾವ ದಿಕ್ಕಿಗೆ, ಎಷ್ಟು ಸರಿಸಬೇಕೆಂಬುದು ಕೂಡಲೇ ಗೊತ್ತಾಗುತ್ತದೆ. ಆದ್ದರಿಂದ ಇದು ವೇಗದ ಪದ್ಧತಿ. ಎರಡನೆಯದರಲ್ಲಿ ಮಸೂರವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ, ಕಪ್ಪುಬಿಳುಪಿನ ಭೇದ ಎಲ್ಲಿ ಅತ್ಯಧಿಕವಾಗಿ ಕಾಣುವುದೋ ಅಲ್ಲಿ ನಿಲ್ಲಿಸಲಾಗುತ್ತದೆ. ಶಿಖರವನ್ನು ದಾಟಿದ ಮೇಲೆಯೇ ಅದು ಶಿಖರವಾಗಿತ್ತೆಂದು ತಿಳಿಯುವುದರಿಂದ ಮಸೂರವು ಹಿಂದೆ ಮುಂದೆ ತಡಕಾಡುವುದುಂಟು.

ಎರಡು ಪದ್ಧತಿಗಳಿಗೂ ಬೇಕಾದುದು ಬೆಳಕು ಮತ್ತು ಗೆರೆ. ಸುಣ್ಣ ಬಳಿದ ಬೋಳುಗೋಡೆ, ಮೋಡವಿಲ್ಲದ ಆಕಾಶ, ಒಂದೇ ಬಣ್ಣದ ರೇಷ್ಮೆಯ ಸೆರಗು, ಕತ್ತಲ ಮೂಲೆ ಇವುಗಳಲ್ಲಿ ಹಿಡಿತಕ್ಕೆ ಏನೂ ಸಿಗದು. ಬಿಂದುವನ್ನು ಸೆರಗಿನ ಅಂಚಿಗೋ, ಕನ್ನಡಕದ ಚೌಕಟ್ಟಿಗೋ, ರೆಪ್ಪೆಯ ಗೆರೆಗೋ ಒಯ್ದರೆ ತಡಕಾಟ ನಿಲ್ಲುತ್ತದೆ. ಹಳೆಯ ಮಾದರಿಗಳಲ್ಲಿ ಅನೇಕ ಬಿಂದುಗಳು ಒಂದು ದಿಕ್ಕಿನ ಗೆರೆಗಳನ್ನು ಮಾತ್ರ ಗುರುತಿಸುತ್ತವೆ. ಅಡ್ಡ ಮತ್ತು ಉದ್ದ ಗೆರೆಗಳೆರಡನ್ನೂ ಗುರುತಿಸುವ ಶಿಲುಬೆಯಾಕಾರದ ಬಿಂದು ಸಾಮಾನ್ಯವಾಗಿ ಮಧ್ಯದಲ್ಲಿರುತ್ತದೆ. ಮಬ್ಬು ಬೆಳಕಿನಲ್ಲಿ ಮಧ್ಯಬಿಂದುವನ್ನು ಆಶ್ರಯಿಸುವುದು ಈ ಕಾರಣದಿಂದ ಹಿತಕರ.

ಫೋಕಸ್ ವಿಧಾನಗಳು

1. ಏಕಬಾರಿ ವಿಧಾನ. ನಿಕಾನ್ ಮತ್ತು ಸೋನಿಗಳಲ್ಲಿ ಇದಕ್ಕೆ ಎಎಫ್-ಎಸ್ ಎಂದೂ, ಕ್ಯಾನನ್ ಕ್ಯಾಮೆರಾಗಳಲ್ಲಿ ಒನ್ ಶಾಟ್ ಎಂದೂ ಹೆಸರು. ಗುಂಡಿಯನ್ನು ಅರ್ಧ ಒತ್ತಿದಾಗ ಒಮ್ಮೆ ಫೋಕಸ್ ಆಗಿ, ಬೆರಳು ತೆಗೆಯುವವರೆಗೆ ಹಾಗೆಯೇ ನಿಲ್ಲುತ್ತದೆ. ಕುಳಿತ ಹಿರಿಯರು, ದೇವರ ಮಂಟಪ, ಕಟ್ಟಡ, ಗುಂಪುಚಿತ್ರ ಇವಕ್ಕೆ ಇದು ಯೋಗ್ಯ. ಫೋಕಸ್ ದೊರೆಯದಿದ್ದರೆ ಸಾಮಾನ್ಯವಾಗಿ ಕ್ಯಾಮೆರಾ ಚಿತ್ರ ತೆಗೆಯಲು ನಿರಾಕರಿಸುತ್ತದೆ. ಇದನ್ನು ದೋಷವೆಂದು ಭಾವಿಸದೆ ಎಚ್ಚರಿಕೆಯೆಂದು ತಿಳಿಯತಕ್ಕದ್ದು.

2. ನಿರಂತರ ವಿಧಾನ. ಎಎಫ್-ಸಿ ಅಥವಾ ಎಐ ಸರ್ವೋ. ಗುಂಡಿ ಅರ್ಧ ಒತ್ತಿರುವಷ್ಟು ಕಾಲವೂ ಮಸೂರವು ವಸ್ತುವನ್ನು ಹಿಂಬಾಲಿಸುತ್ತದೆ. ಓಡುವ ಮಗು, ನರ್ತಿಸುವ ಕಲಾವಿದೆ, ಹಾರುವ ಹಕ್ಕಿ, ಸಭಾಮಂಟಪಕ್ಕೆ ನಡೆದುಬರುವ ವಧು ಇದಕ್ಕೆ ತಕ್ಕ ವಿಷಯಗಳು. ಇದರಲ್ಲಿ ಫೋಕಸ್ ಪೂರ್ಣವಾಗದಿದ್ದರೂ ಚಿತ್ರ ಮೂಡುವ ಸಂಭವವಿದೆ.

3. ಮಿಶ್ರ ವಿಧಾನ. ಎಎಫ್-ಎ ಅಥವಾ ಎಐ ಫೋಕಸ್. ವಸ್ತು ಚಲಿಸುತ್ತಿದೆಯೇ ಇಲ್ಲವೇ ಎಂಬುದನ್ನು ಯಂತ್ರವೇ ಊಹಿಸಿ ಮೇಲಿನ ಎರಡರಲ್ಲೊಂದನ್ನು ಆರಿಸುತ್ತದೆ. ಊಹೆ ತಪ್ಪಬಹುದಾದ್ದರಿಂದ, ಮರಳಿ ಬಾರದ ಸಂದರ್ಭಗಳಲ್ಲಿ ಇದನ್ನು ನಂಬದಿರುವುದು ಲೇಸು.

4. ಕೈಯಾರೆ ಹೊಂದಿಸುವ ವಿಧಾನ. ತೀರ ಕತ್ತಲೆ ಅಥವಾ ಜಾಲರಿ, ಗಾಜುಗಳ ಅಡ್ಡಿಯಿದ್ದಾಗ ಇದೇ ಗತಿ.

ಇಲ್ಲಿ ಒಂದು ಮುಖ್ಯ ಸೂಚನೆ ಅವಶ್ಯ. ಮಧ್ಯಬಿಂದುವಿನಿಂದ ಮುಖವನ್ನು ಹಿಡಿದು, ಗುಂಡಿಯನ್ನು ಅರ್ಧ ಒತ್ತಿಟ್ಟು, ಅನಂತರ ಚೌಕಟ್ಟನ್ನು ಪಕ್ಕಕ್ಕೆ ಸರಿಸಿ ಚಿತ್ರ ತೆಗೆಯುವ ರೂಢಿ ಅನೇಕರಿಗಿದೆ. ಏಕಬಾರಿ ವಿಧಾನದಲ್ಲಿ ಇದು ನಡೆಯುತ್ತದೆ. ನಿರಂತರ ವಿಧಾನದಲ್ಲಿ ಚೌಕಟ್ಟು ಸರಿದೊಡನೆ ಮಧ್ಯಬಿಂದು ಹಿಂದಿನ ಗೋಡೆಯ ಮೇಲೆ ಬೀಳುತ್ತದೆ, ಮಸೂರವೂ ಗೋಡೆಯನ್ನೇ ಹಿಡಿಯುತ್ತದೆ. ವರನೂ ವಧುವೂ ಮಸುಕಾಗಿ ಅವರ ನಡುವಿನ ಪರದೆ ಸ್ಪಷ್ಟವಾಗುವುದರ ರಹಸ್ಯ ಬಹುಮಟ್ಟಿಗೆ ಇದೇ.

ಫೋಕಸ್ ಬಿಂದುಗಳ ಆಯ್ಕೆ

ಬಿಂದುವಿನ ಆಯ್ಕೆಯನ್ನು ಸಂಪೂರ್ಣವಾಗಿ ಯಂತ್ರಕ್ಕೆ ಬಿಟ್ಟರೆ ಅದು ಸಾಮಾನ್ಯವಾಗಿ ಅತಿ ಸಮೀಪದಲ್ಲಿರುವ, ಸ್ಪಷ್ಟ ಅಂಚುಗಳುಳ್ಳ ವಸ್ತುವನ್ನು ಆರಿಸುತ್ತದೆ. ನಮ್ಮ ಸಮಾರಂಭಗಳಲ್ಲಿ ಸಮೀಪದಲ್ಲಿರುವುದು ಹಾರ, ಬಾಸಿಂಗ, ಆರತಿಯ ತಟ್ಟೆ, ಕಳಶ. ಮುಖಗಳು ಅವುಗಳ ಹಿಂದೆ. ಆದಕಾರಣ ಏಕಬಿಂದುವನ್ನು ಆರಿಸಿ, ಅದನ್ನು ಗುಂಡಿಯ ಸಹಾಯದಿಂದ ಮುಖ್ಯ ವ್ಯಕ್ತಿಯ ಕಣ್ಣಿನ ಮೇಲೆ ಇರಿಸುವುದು ಉತ್ತಮ ಪದ್ಧತಿ. ಮುಖ ಓರೆಯಾಗಿದ್ದರೆ ಕ್ಯಾಮೆರಾಕ್ಕೆ ಹತ್ತಿರದ ಕಣ್ಣನ್ನು ಆರಿಸಬೇಕು. ಚಲಿಸುವ ವಸ್ತುವಿಗೆ ಒಂದೇ ಬಿಂದುವನ್ನು ಅಂಟಿಸಿಡುವುದು ಕಷ್ಟ. ಆಗ ಕೆಲವು ಬಿಂದುಗಳ ಗುಂಪು ಅಥವಾ ವಲಯ ಅನುಕೂಲ.

ಹೊಸ ಕ್ಯಾಮೆರಾಗಳು ಮುಖವನ್ನೂ ಕಣ್ಣನ್ನೂ ತಾವೇ ಗುರುತಿಸುತ್ತವೆ. ಈ ಸೌಲಭ್ಯ ನಿಜವಾಗಿಯೂ ಉಪಯುಕ್ತ. ಆದರೆ ಹತ್ತು ಮುಖಗಳಿರುವಲ್ಲಿ ಯಾವ ಮುಖ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಪರದೆಯ ಮೇಲೆ ಚೌಕವು ಯಾರ ಮುಖವನ್ನು ಸುತ್ತಿದೆಯೆಂದು ನೋಡಿ, ಬೇಕಾದ ಮುಖಕ್ಕೆ ಬದಲಿಸಿದ ಮೇಲೆಯೇ ಗುಂಡಿ ಒತ್ತಬೇಕು. ಮೊಬೈಲ್ ಫೋನಿನಲ್ಲಿ ಪರದೆಯ ಮೇಲೆ ಆ ಮುಖವನ್ನು ಬೆರಳಿನಿಂದ ಮುಟ್ಟುವುದೇ ಬಿಂದುವಿನ ಆಯ್ಕೆ. ಹಲವು ಫೋನುಗಳಲ್ಲಿ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಅಲ್ಲಿಯೇ ನಿಲ್ಲುತ್ತದೆ.

ಸ್ಪಷ್ಟತೆಯ ಆಳ

ಫೋಕಸ್ ಆದ ದೂರಕ್ಕಿಂತ ಸ್ವಲ್ಪ ಮುಂದೆಯೂ ಹಿಂದೆಯೂ ಬಿಂಬ ಸ್ಪಷ್ಟವಾಗಿಯೇ ತೋರುತ್ತದೆ. ಈ ಆಳವು ಮಸೂರದ ರಂಧ್ರವನ್ನು ಅವಲಂಬಿಸಿದೆ. ಪೂರ್ಣ ಚೌಕಟ್ಟಿನ ಸಂವೇದಕದ ಮೇಲೆ 50 ಮಿ.ಮೀ. ಮಸೂರದಿಂದ 2 ಮೀಟರ್ ದೂರದವರ ಚಿತ್ರ ತೆಗೆಯುವಾಗ, ಎಫ್ 1.8ರಲ್ಲಿ ಆಳ ಸುಮಾರು 17 ಸೆಂ.ಮೀ. ಮಾತ್ರ, ಎಫ್ 8ರಲ್ಲಿ ಸುಮಾರು 80 ಸೆಂ.ಮೀ. ಎರಡು ಸಾಲಿನ ಗುಂಪು 17 ಸೆಂ.ಮೀ.ನಲ್ಲಿ ಅಡಗದು. ಅದೇ ಮಸೂರದಿಂದ 4 ಮೀಟರ್ ದೂರ ನಿಂತು ಎಫ್ 5.6 ಇಟ್ಟರೆ ಸುಮಾರು 3.2 ಮೀಟರಿನಿಂದ 5.4 ಮೀಟರಿನವರೆಗೆ ಸ್ಪಷ್ಟತೆ ದೊರೆಯುತ್ತದೆ. ಗುಂಪುಚಿತ್ರಕ್ಕೆ ಎರಡು ಹೆಜ್ಜೆ ಹಿಂದೆ ಸರಿಯುವುದು, ರಂಧ್ರವನ್ನು ಕಿರಿದಾಗಿಸುವುದು, ಹಿರಿಯರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ ಅವರ ಕಣ್ಣಿನ ಮೇಲೆಯೇ ಬಿಂದುವಿಡುವುದು, ಈ ಮೂರನ್ನು ಪಾಲಿಸಿದರೆ ಸಾಕು.

ನಗರದಲ್ಲಿ ಅಭ್ಯಾಸ

ಸಮಾರಂಭದ ದಿನ ಕಲಿಯಲು ಹೊರಡುವುದು ಸರಿಯಲ್ಲ. ರಜಾದಿನಗಳಲ್ಲಿ ಅಭ್ಯಾಸ ಮಾಡಲು ಹೈದರಾಬಾದಿನಲ್ಲಿ ಯೋಗ್ಯ ಸ್ಥಳಗಳು ಹೇರಳವಾಗಿವೆ. ಚಾರ್‌ಮಿನಾರಿನ ಬಳಿಯ ಲಾಡ್ ಬಜಾರಿನಲ್ಲಿ ಸಾಲುಸಾಲು ಬಳೆಗಳ ಪೈಕಿ ಒಂದೇ ಒಂದನ್ನು ಆರಿಸಿ ಏಕಬಿಂದುವನ್ನು ಅದರ ಮೇಲಿಡಲು ಯತ್ನಿಸಬೇಕು. ಪ್ರತಿ ಮಸೂರಕ್ಕೂ ಕನಿಷ್ಠ ದೂರವೊಂದಿದೆ. ಸಾಮಾನ್ಯ 18–55 ಮಿ.ಮೀ. ಮಸೂರಗಳಲ್ಲಿ ಅದು ಸುಮಾರು 25 ಸೆಂ.ಮೀ. ಅದಕ್ಕಿಂತ ಸಮೀಪಿಸಿದರೆ ಎಷ್ಟು ತಡಕಾಡಿದರೂ ಫೋಕಸ್ ಆಗದು. ಚಳಿಗಾಲದ ಮಂಜಿನಲ್ಲಿ ಟ್ಯಾಂಕ್‌ಬಂಡಿನಿಂದ, 1992ರಲ್ಲಿ ಹುಸೇನ್‌ಸಾಗರದ ನಡುವೆ ಪ್ರತಿಷ್ಠಾಪಿಸಿದ ಬುದ್ಧನ ವಿಗ್ರಹವನ್ನು ತೆಗೆಯುವಾಗ ಬಿಂದುವನ್ನು ಆಕಾಶದ ಮೇಲಿಡದೆ ಭುಜದ ಅಂಚಿನ ಮೇಲಿಡುವುದನ್ನು ಕಲಿಯಬಹುದು. ನೆಹರೂ ಪ್ರಾಣಿಸಂಗ್ರಹಾಲಯದಲ್ಲಿ ಕ್ಯಾಮೆರಾ ಪ್ರಾಣಿಯನ್ನು ಬಿಟ್ಟು ಜಾಲರಿಯನ್ನೇ ಹಿಡಿಯುವುದು ಸಾಮಾನ್ಯ. ನಿಯಮಗಳು ಅನುಮತಿಸುವಷ್ಟು ಜಾಲರಿಯನ್ನು ಸಮೀಪಿಸಿ, ರಂಧ್ರವನ್ನು ಹಿರಿದಾಗಿಸಿ, ಕಣ್ಣಿಯ ನಡುವಿನ ತೆರವಿನಲ್ಲಿ ಏಕಬಿಂದುವಿಟ್ಟರೆ ಜಾಲರಿ ಕರಗಿ ಮಾಯವಾಗುತ್ತದೆ. 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಅಮೀನ್‌ಪುರ ಕೆರೆಯ ಹಕ್ಕಿಗಳು ನಿರಂತರ ವಿಧಾನಕ್ಕೆ ಒಳ್ಳೆಯ ಪರೀಕ್ಷೆ. ರವೀಂದ್ರಭಾರತಿಯಂತಹ ರಂಗಮಂದಿರಗಳಲ್ಲಿ, ಅನುಮತಿಯಿದ್ದರೆ, ಬಿಂದುವನ್ನು ಮುಖ ಮತ್ತು ಕಿರೀಟ ಕೂಡುವ ಅಂಚಿನ ಮೇಲಿಟ್ಟು, ಕಲಾವಿದರ ಕಣ್ಣು ಕುಕ್ಕುವ ಸಹಾಯಕ ದೀಪವನ್ನು ಆರಿಸಿಡಬೇಕು.

ಮಸುಕಿನ ಮೂಲವನ್ನು ಗುರುತಿಸುವುದು

ಮಸುಕಾದ ಚಿತ್ರಗಳೆಲ್ಲಕ್ಕೂ ಫೋಕಸ್ ದೋಷವೇ ಕಾರಣವಲ್ಲ. ಚಿತ್ರವನ್ನು ದೊಡ್ಡದು ಮಾಡಿ ಪರಿಶೀಲಿಸಬೇಕು. ಮುಖ ಮಸುಕಾಗಿದ್ದು ಹಿಂದಿನದೋ ಮುಂದಿನದೋ ಬೇರೊಂದು ವಸ್ತು ಸ್ಪಷ್ಟವಾಗಿದ್ದರೆ ಬಿಂದುವಿನ ಆಯ್ಕೆ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಿನ್ನೆಲೆ ಸ್ಪಷ್ಟವಾಗಿದ್ದು ಚಲಿಸುವ ಕೈಕಾಲು ಮಾತ್ರ ಎಳೆದಂತಿದ್ದರೆ ಷಟರಿನ ವೇಗ ಸಾಲದು. ರೋಗನಿದಾನವಿಲ್ಲದೆ ಔಷಧ ಕೊಡುವುದು ಹೇಗೆ ಸಲ್ಲದೋ, ಕಾರಣ ತಿಳಿಯದೆ ಹೊಸ ಮಸೂರ ಕೊಳ್ಳುವುದೂ ಹಾಗೆಯೇ ಸಲ್ಲದು.

ನೋಡುವವರ ಕಣ್ಣು

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ವಯಸ್ಸಾದಂತೆ ಕಣ್ಣಿನ ಮಸೂರವು ಬಿರುಸಾಗಿ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಸಮೀಪದ ಅಕ್ಷರಗಳು ಮಸುಕಾಗುತ್ತವೆ. ಇದಕ್ಕೆ ಚಾಳೀಸು ಎಂಬ ಹೆಸರು ಬಂದುದು ಮರಾಠಿಯಲ್ಲಿ ನಲವತ್ತನ್ನು ಸೂಚಿಸುವ ಪದದಿಂದ. ಇಂತಹವರಿಗೆ ಕ್ಯಾಮೆರಾದ ಹಿಂದಿನ ಪರದೆ ಮಸುಕಾಗಿ ಕಂಡು, ಸರಿಯಾದ ಚಿತ್ರವೂ ಕೆಟ್ಟದ್ದೆಂದು ತೋರಬಹುದು. ಕೆಟ್ಟದ್ದು ಗಮನಕ್ಕೆ ಬಾರದೆಯೂ ಹೋಗಬಹುದು. ನೋಟಕಿಂಡಿಯ ಪಕ್ಕದಲ್ಲಿ ಡಯಾಪ್ಟರ್ ಎಂಬ ಸಣ್ಣ ತಿರುಗಣೆಯಿರುತ್ತದೆ. ಕಿಂಡಿಯೊಳಗಿನ ಅಂಕಿಗಳು ಸ್ಫುಟವಾಗುವವರೆಗೆ ಅದನ್ನು ತಿರುಗಿಸಬೇಕು. ಅದು ಚಿತ್ರವನ್ನು ಬದಲಿಸದು, ನೋಡುವವರ ಕಣ್ಣಿಗೆ ಕಿಂಡಿಯನ್ನು ಹೊಂದಿಸುತ್ತದೆ ಅಷ್ಟೆ. ಮನೆಯಲ್ಲಿ ಇಬ್ಬರು ಬಳಸುವ ಕ್ಯಾಮೆರಾದಲ್ಲಿ ಇದನ್ನು ಪ್ರತಿ ಬಾರಿಯೂ ಪರೀಕ್ಷಿಸುವುದು ಉಚಿತ.

ತಿರುಗಣೆಯನ್ನು ಎತ್ತ ತಿರುಗಿಸಿದರೂ ಅಂಕಿಗಳು ಸ್ಫುಟವಾಗದಿದ್ದರೆ ಕ್ಯಾಮೆರಾವನ್ನು ದೂರುವ ಮೊದಲು ಕಣ್ಣನ್ನು ಪರೀಕ್ಷಿಸಿಕೊಳ್ಳಬೇಕು. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುವುದರಿಂದ, ಒಂದು ಕಣ್ಣಿನ ಪೊರೆ ಅಥವಾ ಇತರ ದೋಷ ಬಹುಕಾಲ ತಿಳಿಯದಿರಬಹುದು. ಒಂದೇ ಕಣ್ಣಿನಿಂದ ಕಿಂಡಿಯಲ್ಲಿ ನೋಡುವಾಗ ಅದು ಬಯಲಾಗುವುದುಂಟು. ಸರಕಾರದ ಸರೋಜಿನಿ ದೇವಿ ನೇತ್ರಾಸ್ಪತ್ರೆ, 1987ರಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗಳಿರುವ ಈ ನಗರದಲ್ಲಿ ಪರೀಕ್ಷೆಯನ್ನು ಮುಂದೂಡಲು ಕಾರಣವಿಲ್ಲ. ಒಂದು ಕಣ್ಣು ಹಠಾತ್ತನೆ ಮಸುಕಾದರೆ, ಇಲ್ಲವೇ ನೇರವಾದ ಗೆರೆಗಳು ಡೊಂಕಾಗಿ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಕಡೆಯದಾಗಿ, ಗುಂಡಿ ಒತ್ತುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳುವುದು ಶ್ರೇಯಸ್ಕರ: ಈ ಚಿತ್ರದಲ್ಲಿ ಮುಖ್ಯರು ಯಾರು? ಅವರು ನಿಂತಿರುವರೇ, ಚಲಿಸುತ್ತಿರುವರೇ? ಬಿಂದು ಈಗ ಎಲ್ಲಿದೆ? ಮೊದಲನೆಯ ಪ್ರಶ್ನೆಗೆ ಉತ್ತರಿಸುವವರು ಮನೆಯವರು. ಎರಡನೆಯದರಿಂದ ವಿಧಾನವೂ ಮೂರನೆಯದರಿಂದ ಬಿಂದುವೂ ನಿರ್ಧಾರವಾಗುತ್ತವೆ. ಇಷ್ಟಾದ ಮೇಲೆ ಉಳಿದ ಕೆಲಸವನ್ನು ಯಂತ್ರಕ್ಕೆ ನಿಶ್ಚಿಂತೆಯಿಂದ ಒಪ್ಪಿಸಬಹುದು.